ತಂದೆಯ ಹೆಸರು: ಸುಂದರ

ಕಪಾಟಿನ ಬಾಗಿಲು ತೆರೆದ ಕೂಡಲೇ ಹೊಗೆಸೊಪ್ಪಿನ ವಾಸನೆ ಬಂತು. ಶಾಲೆಯ ಕಪಾಟಿನಲ್ಲಿ ಯಾವ ವಾಸನೆ ಇರಬೇಕು ಎಂದು ನನಗೆ ಗೊತ್ತು: ಸೀಮೆಸುಣ್ಣ, ಮುಗ್ಗಲು ಹಿಡಿದ ಕಾಗದ, ಒಣಗಿದ ಶಾಯಿ, ಜಿರಳೆ. ಮೂವತ್ತೇಳು ವರ್ಷ ಅವುಗಳ ನಡುವೆಯೇ ಕಳೆದವಳು ನಾನು. ಆದರೆ ಆ ಎಲ್ಲದರ ಅಡಿಯಿಂದ, ಗಂಟಲಿನ ಕೊನೆಯಲ್ಲಿ ಸಣ್ಣಗೆ ಕೆರೆಯುವ ಆ ಘಾಟು ಎದ್ದು ಬಂದಾಗ ನಾನು ಹಿಡಿದಿದ್ದ ಪೆನ್ನನ್ನು ಮುಚ್ಚಿ, ಕಿಟಕಿಯ ದಂಡೆಯ ಮೇಲೆ ಇಟ್ಟು, ಅಲ್ಲಿದ್ದ ಮಕ್ಕಳ ಬೆಂಚಿನ ಮೇಲೆ ಕುಳಿತುಬಿಟ್ಟೆ. ಕೆಲಸದ ನಡುವೆ ಕುಳಿತುಕೊಳ್ಳುವ ಅಭ್ಯಾಸ ನನಗಿಲ್ಲ. ನನ್ನ ಜೊತೆ ಕಪಾಟು ಖಾಲಿ ಮಾಡಲು ನಿಂತಿದ್ದ ಅತಿಥಿ ಶಿಕ್ಷಕಿ ಪ್ರಮೀಳಾ ಸೆರಗಿನಿಂದ ಮೂಗು ಮುಚ್ಚಿಕೊಂಡಳು. "ಎಂಥ ಟೀಚರ್ ಇದು? ಶಾಲೆಯಲ್ಲಿ ಬೀಡಿ ಯಾರು ಸೇದ್ತಿದ್ದದ್ದು ಮಾರಾಯ್ರೆ?" ಎಂದು ಕೇಳಿದಳು. "ಸೇದಿದ್ದಲ್ಲ, ಕಟ್ಟಿದ್ದು" ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಮೇಲಿನ ಅರೆಯಲ್ಲಿ, ಖಾಕಿ ಕಾಗದದ ಹೊದಿಕೆ ಹಾಕಿದ ದಪ್ಪ ದಾಖಲಾತಿ ಪುಸ್ತಕ ಕಾಣುತ್ತಿತ್ತು. ವಾಸನೆ ಅದರದ್ದೇ.

ಬಂಟ್ವಾಳದಿಂದ ಬೆಳ್ತಂಗಡಿಗೆ ಹೋಗುವ ರಸ್ತೆಯ ಬದಿಯಲ್ಲಿರುವ ಆ ಶಾಲೆಯಲ್ಲಿ ನಾನು ಒಂದರಿಂದ ಏಳರವರೆಗೆ ಓದಿದ್ದೆ. ಈಗ ಅಲ್ಲಿ ಉಳಿದಿದ್ದವರು ಹನ್ನೊಂದು ಮಕ್ಕಳು. ಅವರನ್ನು ಎರಡು ಮೈಲಿ ಆಚೆಯ ಶಾಲೆಗೆ ಸೇರಿಸುವುದೆಂದು ತೀರ್ಮಾನವಾಗಿತ್ತು. ಹಳೆಯ ಪುಸ್ತಕಗಳ ಪಟ್ಟಿ ಮಾಡಿ ಒಪ್ಪಿಸಬೇಕಿತ್ತು. ಮಕ್ಕಳನ್ನು ಸೇರಿಸಿಕೊಳ್ಳುವ ಶಾಲೆಯ ಮುಖ್ಯೋಪಾಧ್ಯಾಯರು, ಮೂಡುಬಿದಿರೆಯಲ್ಲಿ ನಿವೃತ್ತಿಯ ದಿನಗಳನ್ನು ಕಳೆಯುತ್ತಿರುವ ನನಗೆ ಫೋನು ಮಾಡಿ, "ಹಳೆ ಅಕ್ಷರ ಓದುವವರು ಈಗ ಯಾರೂ ಇಲ್ಲ ಟೀಚರ್, ನೀವೊಮ್ಮೆ ಬಂದು ಹೋಗ್ತೀರಾ?" ಎಂದು ಕೇಳಿದರು. ನಾನು ಐದು ಗಂಟೆಗೆ ಎದ್ದು, ಏಳಕ್ಕೆ ಬಸ್‌ ಸ್ಟ್ಯಾಂಡಿಗೆ ಬಂದು, ಊರೂರಿನಿಂದ ಓದಲು ಬಂದ ಮಕ್ಕಳ ಬ್ಯಾಗುಗಳ ನಡುವೆ ತೂರಿ, ಸಿದ್ದಕಟ್ಟೆ ದಾರಿಯ ಬಸ್ಸು ಹತ್ತಿ, ಬಂಟ್ವಾಳದಲ್ಲಿ ಇನ್ನೊಂದು ಬಸ್ಸು ಹಿಡಿದು ಒಂಬತ್ತೂವರೆಗೆ ಶಾಲೆಯ ಮುಂದೆ ಇಳಿದೆ. ಇಳಿದಾಗ ಒಂದು ಕ್ಷಣ ದಿಕ್ಕು ತೋಚಲಿಲ್ಲ. ರಸ್ತೆ ಅಗಲ ಮಾಡಿದಾಗ ಶಾಲೆಯ ಎದುರಿಗಿದ್ದ ನಮ್ಮ ಮನೆ ಹೋಯಿತು. ನನಗೆ ಗೊತ್ತಿಲ್ಲದ್ದೇನಲ್ಲ. ಆದರೂ ಬಸ್ಸಿನಿಂದ ಇಳಿದ ಕಾಲು ಮೊದಲು ತಿರುಗಿದ್ದು ಆ ಕಡೆಗೇ. ಅಲ್ಲಿ ಈಗ ಡಾಂಬರಿನ ನಡುವೆ ಒಂದು ಬಿಳಿ ಗೆರೆ ಉಂಟು, ಅಷ್ಟೇ. ನಿಮ್ಮ ಮನೆಯೂ ಹಾಗೆ ಹೋಗಿದ್ದರೆ ನಿಮಗೆ ತಿಳಿದೀತು: ಗೋಡೆ ಬಿದ್ದ ಜಾಗಕ್ಕಿಂತ ಗೋಡೆಯ ಮೇಲಿದ್ದ ಮೊಳೆಯ ನೆನಪೇ ಹೆಚ್ಚು ಚುಚ್ಚುತ್ತದೆ.

ಅದು ಸಣ್ಣ ಹಂಚಿನ ಮನೆ. ಮುಂದೆ ಸೆಗಣಿ ಸಾರಿಸಿದ ಜಗಲಿ, ಒಳಗೆ ಒಂದು ಕೋಣೆ ಮತ್ತು ಅಡುಗೆಯ ಜಾಗ, ಪಕ್ಕಕ್ಕೆ ಪ್ರತ್ಯೇಕ ಬಾಗಿಲಿದ್ದ ಒಂದು ಹೊರಕೋಣೆ. ಜಗಲಿಯ ಒಂದು ಕಂಬಕ್ಕೆ ಒರಗಿ ಅಮ್ಮ, ಇನ್ನೊಂದು ಕಂಬಕ್ಕೆ ಒರಗಿ ಅಜ್ಜಿ, ತೊಡೆಯ ಮೇಲೆ ಗೆರಸೆ ಇಟ್ಟುಕೊಂಡು ಬೆಳಗಿನಿಂದ ಬೀಡಿ ಕಟ್ಟುತ್ತಿದ್ದರು. ಒದ್ದೆ ಗೋಣಿಯಲ್ಲಿ ಸುತ್ತಿಟ್ಟ ಎಲೆಯನ್ನು ಬಿಚ್ಚಿದಾಗ ತಂಪಾದ, ಕಾಡಿನ ನೆರಳಿನಂಥ ವಾಸನೆ ಬರುತ್ತಿತ್ತು. ತಗಡಿನ ಅಳತೆ ಇಟ್ಟು ಎಲೆ ಕತ್ತರಿಸುವ ಕಚಕಚ ಸದ್ದು, ಬೆರಳ ತುದಿಯಲ್ಲಿ ಹೊಗೆಸೊಪ್ಪು ಉರುಳಿ ಎಲೆಯೊಳಗೆ ಸೇರುವ ಸದ್ದಿಲ್ಲದ ಕೆಲಸ, ನೂಲು ಸುತ್ತಿ ಎಳೆಯುವ ಸಣ್ಣ ಟಕ್ಕೆನ್ನುವ ಸದ್ದು. ನಾನು ತೊಟ್ಟಿಲಲ್ಲಿ ಕೇಳಿದ ಜೋಗುಳ ಅದೇ ಇರಬೇಕು. ಅಪ್ಪ ಬೊಂಬಾಯಿಯ ಹೋಟೆಲಿಗೆ ಹೋದವರು. ನಾನು ನಡೆಯಲು ಕಲಿಯುವ ಮೊದಲೇ ಅವರ ಕಾಗದ ನಿಂತಿತ್ತು. ಬಾಬು ಎಂಬ ಅವರ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಬೈಯಲು ಕೂಡ ಎತ್ತುತ್ತಿರಲಿಲ್ಲ.

ನನ್ನನ್ನು ಶಾಲೆಗೆ ಸೇರಿಸಲು ರಸ್ತೆ ದಾಟಿಸಿ ಕರೆದುಕೊಂಡು ಹೋದದ್ದು ಅಜ್ಜಿ. ಅಮ್ಮನಿಗೆ ಅಂದು ಕಟ್ಟಿದ ಬೀಡಿಯನ್ನು ಕಂಪನಿಯ ಬ್ರಾಂಚಿಗೆ ಒಪ್ಪಿಸುವ ದಿನ. ಶಾಲೆಯಲ್ಲಿದ್ದದ್ದು ಇಬ್ಬರೇ ಶಿಕ್ಷಕರು. ಹಿರಿಯ ಮಾಷ್ಟ್ರು ಮೀಟಿಂಗಿಗೆ ಹೋಗಿದ್ದರು. ಇನ್ನೊಬ್ಬರು ಅದೇ ದಿನ ಬೆಳಗ್ಗೆ ಚಾರ್ಮಾಡಿ ಘಾಟಿ ಇಳಿದು ಬಂದ ಬಸ್ಸಿನಿಂದ ಒಂದು ಕಬ್ಬಿಣದ ಟ್ರಂಕಿನೊಡನೆ ಇಳಿದಿದ್ದ ಕಸ್ತೂರಿ ಟೀಚರ್. ಹಾವೇರಿಯ ಕಡೆಯವರು. ಇಪ್ಪತ್ತೊಂದರ ವಯಸ್ಸು, ಮೊದಲ ಕೆಲಸ, ಮೊದಲ ದಿನ. ತುಳು ಎಂಬ ಭಾಷೆ ಇದೆಯೆಂದು ಅವರಿಗೆ ಗೊತ್ತಿತ್ತು, ಹೇಗಿದೆಯೆಂದು ಗೊತ್ತಿರಲಿಲ್ಲ. ನಮ್ಮ ಅಜ್ಜಿಗೆ ಕನ್ನಡ ಬಸ್ಸಿನ ಬೋರ್ಡಿನಷ್ಟು ದೂರ.

"ಹುಡುಗಿ ಅಪ್ಪನ ಹೆಸರೇನ್ರಿ?" ಎಂದು ಟೀಚರ್ ಕೇಳಿದರು.

ತುಳುವಿನಲ್ಲಿ ಅಪ್ಪೆ ಎಂದರೆ ತಾಯಿ, ಪುದರ್ ಎಂದರೆ ಹೆಸರು. ಅಜ್ಜಿಗೆ ಕೇಳಿಸಿದ್ದು ಅದು. "ಅಪ್ಪೆನ ಪುದರಾ? ಸುಂದರಿ" ಎಂದರು.

ಟೀಚರ ಕಡೆಯ ಕನ್ನಡದಲ್ಲಿ ಮರ್ಯಾದೆ ಕೊಟ್ಟು ಮಾತಾಡುವವರು ಎಲ್ಲದಕ್ಕೂ ಒಂದು 'ರಿ' ಸೇರಿಸುತ್ತಾರೆ: ಹೌದ್ರಿ, ಇಲ್ರಿ, ಬಂದೇನ್ರಿ. ಅವರಿಗೆ ಕೇಳಿಸಿದ್ದು 'ಸುಂದರ, ರೀ' ಎಂದು. ಎಲೆಅಡಿಕೆ ತುಂಬಿದ ಬಾಯಿಯ ಈ ಮುದುಕಿ ಎಷ್ಟು ಗೌರವದಿಂದ ಮಾತಾಡುತ್ತಾಳಪ್ಪ ಎಂದು ಆಗ ಖುಷಿಯಾಗಿತ್ತೆಂದು ಅವರು ಆಮೇಲೆ ಎಷ್ಟೋ ಸಲ ಹೇಳಿ ನಕ್ಕದ್ದುಂಟು. ತಂದೆಯ ಹೆಸರಿನ ಕಾಲಮಿನಲ್ಲಿ ದುಂಡಗೆ ಸುಂದರ ಎಂದು ಬರೆದರು. ತಾಯಿಯ ಹೆಸರಿಗೆ ಆಗ ಕಾಲಮ್ಮೇ ಇರಲಿಲ್ಲ. ಆ ಪುಸ್ತಕದಲ್ಲಿ ಅವರು ಬರೆದ ಮೊದಲ ಸಾಲು ಅದು. ಲೋಕದಲ್ಲಿ ಇಲ್ಲದ ಒಬ್ಬ ಗಂಡಸು ಹಾಗೆ ನನ್ನ ತಂದೆಯಾದ. ಆ ಹೊತ್ತಿಗೆ ಅದು ಮೂವರಿಗೂ ಗೊತ್ತಾಗಲಿಲ್ಲ.

ಉಳಿದುಕೊಳ್ಳಲು ಬೇರೆ ಜಾಗ ಸಿಗದೆ ಟೀಚರ್ ನಮ್ಮ ಹೊರಕೋಣೆಗೆ ಬಂದರು. ಬಂದ ವಾರದಲ್ಲೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಗೆರೆ ಎಳೆದು ಒಂದು ವೇಳಾಪಟ್ಟಿ ಬರೆದು ಜಗಲಿಯ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದರು. ಐದಕ್ಕೆ ಏಳುವುದು, ಐದೂವರೆಗೆ ಮಗ್ಗಿ, ಆರಕ್ಕೆ ಸ್ನಾನ, ಆರೂವರೆಗೆ ಕಾಗುಣಿತ, ಏಳಕ್ಕೆ ಗಂಜಿ. ಅಜ್ಜಿಯ ಹೆಸರಿಗೂ ಒಂದು ಸಾಲು ಇತ್ತು: ಹತ್ತು ಗಂಟೆಗೆ ಎಲೆಅಡಿಕೆ, ಒಂದು ಸಲ ಮಾತ್ರ. ಅಜ್ಜಿ ಅದನ್ನು ಅಮ್ಮನಿಂದ ಓದಿಸಿ ಕೇಳಿ, "ಈ ಹೆಂಗಸು ಗಡಿಯಾರ ನುಂಗಿ ಬಂದಿದ್ದಾಳೆ" ಎಂದು ತುಳುವಿನಲ್ಲಿ ಗೊಣಗಿದರು. ಆದರೆ ಹತ್ತು ಗಂಟೆಯ ಬಸ್ಸಿನ ಸದ್ದು ಕೇಳುವವರೆಗೆ ಎಲೆಯ ಚೀಲ ಬಿಚ್ಚುವುದನ್ನು ಆಮೇಲೆ ನಿಲ್ಲಿಸಿದರು. ಈ ವಯಸ್ಸಿನಲ್ಲಿಯೂ ನಾನು ಐದಕ್ಕೆ ಏಳುತ್ತೇನೆ. ಏಳಲು ಯಾವ ಕಾರಣವೂ ಉಳಿದಿಲ್ಲ. ಮೊಳೆ ಇದ್ದ ಗೋಡೆಯೂ ಇಲ್ಲ.

ಸಂಜೆ ಶಾಲೆ ಬಿಟ್ಟ ಮೇಲೆ ಟೀಚರ್ ಹಾಜರಿ ಪುಸ್ತಕ, ದಾಖಲಾತಿ ಪುಸ್ತಕ ಎಲ್ಲವನ್ನೂ ನಮ್ಮ ಜಗಲಿಗೆ ತಂದು, ಅಮ್ಮನ ಪಕ್ಕದಲ್ಲೇ ಚಾಪೆ ಹಾಸಿ ಕುಳಿತು ಬರೆಯುತ್ತಿದ್ದರು. ಹಿರಿಯ ಮಾಷ್ಟ್ರು ನಿವೃತ್ತರಾಗಿ ಶಾಲೆಯ ಚಾರ್ಜ್ ಅವರ ಮೇಲೆ ಬಿದ್ದ ಮೇಲಂತೂ ಬರೆಯುವುದು ಮುಗಿಯುತ್ತಲೇ ಇರಲಿಲ್ಲ. ಗೆರಸೆಯಿಂದ ಹಾರಿದ ಹೊಗೆಸೊಪ್ಪಿನ ಪುಡಿ ಪುಸ್ತಕದ ಹಾಳೆಗಳ ನಡುವೆ ಸೇರುತ್ತಿತ್ತು. ಅವರು ಊದಿ ತೆಗೆದು, ಒಂದು ಸೀನು ಸೀನಿ, ಮತ್ತೆ ಬರೆಯುತ್ತಿದ್ದರು. ಅಮ್ಮನನ್ನು ಅವರು ಸುಂದರವ್ವ ಎಂದು ಕರೆಯುತ್ತಿದ್ದರು. ಎರಡು ವರ್ಷದಲ್ಲಿ ತುಳು ಕಲಿತರು. ಆದರೆ ಅದಕ್ಕೂ 'ರಿ' ಅಂಟಿಸಿದರು. ಇಲ್ಲ ಎನ್ನಲು "ಇಜ್ಜಿ ರೀ", ಬನ್ನಿ ಎನ್ನಲು "ಬಲೆ ರೀ" ಎಂದು ಅವರು ಹೇಳುವಾಗ ಬೀಡಿ ಬ್ರಾಂಚಿನ ಜಗಲಿಯೆಲ್ಲ ನಗುತ್ತಿತ್ತು. ನಾವು ಮಕ್ಕಳು ಕಲಿತದ್ದು ಅವರ ಕನ್ನಡವನ್ನು. ಒಮ್ಮೆ ತಪಾಸಣೆಗೆ ಬಂದ ಸಾಹೇಬರು "ಎಲ್ಲರ ಹತ್ರ ಪುಸ್ತಕ ಉಂಟಾ?" ಎಂದು ಕೇಳಿದ್ದಕ್ಕೆ ಇಡೀ ತರಗತಿ ಒಂದೇ ಗಂಟಲಿನಲ್ಲಿ "ಐತ್ರೀ" ಎಂದಿತ್ತು. ಸಾಹೇಬರು ಹೊರಗೆ ಹೋಗಿ ಹಲಗೆಯ ಮೇಲಿನ ಊರಿನ ಹೆಸರನ್ನು ಇನ್ನೊಮ್ಮೆ ಓದಿ ಬಂದರು.

ಟೀಚರ್ ನಮ್ಮವರಾಗಿಬಿಟ್ಟಿದ್ದರು ಎಂದು ನಾನು ಬರೆದರೆ ಅದು ಸುಳ್ಳಾಗುತ್ತದೆ. ಅವರು ಪ್ರತಿ ವರ್ಷ ವರ್ಗಾವಣೆಗೆ ಅರ್ಜಿ ಹಾಕುತ್ತಿದ್ದರು. ಊರಿನಲ್ಲಿ ಅವರ ತಾಯಿಗೆ ಲಕ್ವಾ ಹೊಡೆದು ಒಂದು ಕೈ ಒಂದು ಕಾಲು ಬಿದ್ದುಹೋಗಿತ್ತು. ಅಣ್ಣನ ಕಾರ್ಡು ತಿಂಗಳಿಗೊಂದು ಬರುತ್ತಿತ್ತು, ಅದರಲ್ಲಿ ಬೇರೆ ಬೇರೆ ಮಾತಿನಲ್ಲಿ ಒಂದೇ ಪ್ರಶ್ನೆ: ಯಾವಾಗ ಬರುತ್ತಿ? ಏಪ್ರಿಲಿನಲ್ಲಿ ರಜೆ ಶುರುವಾದ ದಿನ ಟ್ರಂಕು ಕಟ್ಟಿ, ಕೋಣೆ ಗುಡಿಸಿ, ಬೀಗದ ಕೈಯನ್ನು ಅಜ್ಜಿಯ ಕೈಯಲ್ಲಿಟ್ಟು, "ಆರ್ಡರ್ ಬಂದ್ರ ಮತ್ತ ಬರಂಗಿಲ್ರಿ" ಎಂದು ಹೇಳಿ ಘಟ್ಟದ ಬಸ್ಸು ಹತ್ತುತ್ತಿದ್ದರು. ಅಲ್ಲಿಂದ ಮುಂದೆ ನನ್ನ ರಜೆ ರಜೆಯಾಗಿರುತ್ತಿರಲಿಲ್ಲ. ಜೂನಿನ ಮೊದಲ ವಾರ ಚಾರ್ಮಾಡಿಯಿಂದ ಇಳಿದು ಬರುವ ನಾಲ್ಕೂಕಾಲರ ಬಸ್ಸಿಗೆ ನಾನು ರಸ್ತೆಯ ಬದಿಯಲ್ಲಿ ನಿಲ್ಲುತ್ತಿದ್ದೆ. ಬಸ್ಸು ನಿಲ್ಲದೆ ಹೋದ ದಿನ ಗಂಜಿ ಇಳಿಯುತ್ತಿರಲಿಲ್ಲ. ನಿಂತ ದಿನ, ಮೊದಲು ಮೇಲಿನಿಂದ ಟ್ರಂಕು ಇಳಿಯುತ್ತಿತ್ತು, ಆಮೇಲೆ ಅವರು. "ಏನವಾ, ಹದಿನಾರರ ಮಗ್ಗಿ ಬಾಯಾಗ ಐತೋ ಮರ್ತ್ಯೋ?" ಎಂಬುದೇ ಮೊದಲ ಮಾತು.

ನಾನು ಏಳನೆಯಲ್ಲಿದ್ದಾಗ, ಜನವರಿಯ ಆರಂಭದಲ್ಲಿ, ಆರ್ಡರ್ ಬಂತು. ಹಾವೇರಿಯ ಕಡೆಗೇ, ಅವರ ಊರಿನಿಂದ ನಡೆದು ಹೋಗುವಷ್ಟು ಹತ್ತಿರದ ಶಾಲೆಗೆ. ಸಂಕ್ರಾಂತಿಯ ಮರುದಿನ ಹೊರಟು ಹೋಗಿ ಅಲ್ಲಿ ಹಾಜರಾಗಬೇಕು, ಇಲ್ಲದಿದ್ದರೆ ಆರ್ಡರ್ ರದ್ದು. ಟೀಚರ್ ಆ ಕಾಗದವನ್ನು ಜಗಲಿಯಲ್ಲಿ ನಿಂತೇ ಓದಿ, ಕಣ್ಣು ಒರೆಸಿಕೊಂಡು, "ಅವ್ವಗ ಹೇಳ್ಬೇಕು" ಎಂದರು. ಹೇಳಲು ಅವ್ವ ಇಲ್ಲಿರಲಿಲ್ಲ. ನಾನು ಕೋಣೆಯೊಳಗೆ ಹೋಗಿ ಎಲೆಯ ಗೋಣಿಯಲ್ಲಿ ಮುಖ ಇಟ್ಟು ಅತ್ತೆ. ಏಳನೆಯ ಪರೀಕ್ಷೆಗೆ ಎರಡು ತಿಂಗಳಿತ್ತು. ನಾವು ಹದಿನಾಲ್ಕು ಮಂದಿ ಇದ್ದೆವು. ಅವರು ನಮಗೆ ಭಾನುವಾರವೂ ಪಾಠ ಮಾಡುತ್ತಿದ್ದರು. ಹೊಸಬರು ಯಾವಾಗ ಬರುತ್ತಾರೆಂದು ಯಾರಿಗೂ ಗೊತ್ತಿರಲಿಲ್ಲ. ಚಾರ್ಜನ್ನು ತಾತ್ಕಾಲಿಕವಾಗಿ ಪಕ್ಕದ ಊರಿನ ಮಾಷ್ಟ್ರಿಗೆ ಒಪ್ಪಿಸಬೇಕಿತ್ತು.

ಒಪ್ಪಿಸುವ ಮೊದಲು ಟೀಚರ್ ದಾಖಲಾತಿ ಪುಸ್ತಕವನ್ನು ಮೊದಲಿನಿಂದ ಓದಲು ಕುಳಿತರು. ತಾವು ಬರೆದ ಒಂದು ಸಾಲಿನಲ್ಲಿಯೂ ಹೊಡೆದು ಹಾಕಿದ ಗುರುತಿಲ್ಲ ಎಂಬುದು ಅವರ ದೊಡ್ಡ ಹೆಮ್ಮೆ. ಹೆಸರಿನ ಕೆಳಗೆ ಬೆರಳಿಟ್ಟು ಸಾಗಿದರು. ತಾವು ಬರೆದ ಮೊದಲ ಸಾಲಿನಲ್ಲೇ ಬೆರಳು ನಿಂತಿತು.

"ಯಶೋದಾ, ನಿಮ್ಮಪ್ಪನ ಹೆಸರು ಬಾಬು ಅಲ್ಲೇನು? ಇಲ್ಲಿ ಸುಂದರ ಅಂತ ಯಾರು ಬರದ್ರು?"

"ನೀವೇ ಬರೆದದ್ದಲ್ವಾ ಟೀಚರ್" ಎಂದೆ.

ವಿಷಯ ಬಿಡಿಸಿಕೊಂಡಾಗ ಮೊದಲು ನಕ್ಕದ್ದು ಅಜ್ಜಿ. ಎಲೆಅಡಿಕೆ ನೆತ್ತಿಗೇರಿ ಕೆಮ್ಮುವಷ್ಟು ನಕ್ಕರು. ಅಪ್ಪೆ ಎಂದರೆ ಅಮ್ಮ, ಅಮ್ಮೆ ಎಂದರೆ ಅಪ್ಪ ಎಂದು ನಾನು ಬೆರಳು ಮಡಚಿ ವಿವರಿಸಿದೆ, ಅವರಿಗೆ ಅಷ್ಟು ಹೊತ್ತಿಗೆ ಅದೆಲ್ಲ ಗೊತ್ತಿದ್ದರೂ. "ಎಂಥಾ ಭಾಷೆರೀ ನಿಮ್ದು! ಅಪ್ಪನ್ನ ಅವ್ವ ಮಾಡ್ತದ, ಅವ್ವನ್ನ ಅಪ್ಪ ಮಾಡ್ತದ" ಎಂದು ಟೀಚರೂ ಒಂದಿಷ್ಟು ನಕ್ಕರು. ಅಮ್ಮ ನಗಲಿಲ್ಲ. ಕಟ್ಟುತ್ತಿದ್ದ ಬೀಡಿಗೆ ನೂಲು ಸುತ್ತುತ್ತಲೇ ಇದ್ದರು. ಆಮೇಲೆ ಟೀಚರ ನಗುವೂ ನಿಂತಿತು. "ಮೊದ್ಲನೇ ಸಾಲ ತಪ್ಪು ಬರದೀನಿ" ಎಂದು ಪುಸ್ತಕ ಮುಚ್ಚಿದರು.

ತಮ್ಮಷ್ಟಕ್ಕೆ ತಿದ್ದುವಂತಿರಲಿಲ್ಲ. ಕಚೇರಿಯ ಅನುಮತಿ ಬೇಕು. ಮರುದಿನವೇ ಅಮ್ಮನನ್ನೂ ನನ್ನನ್ನೂ ಕರೆದುಕೊಂಡು ಬಂಟ್ವಾಳಕ್ಕೆ ಹೋಗಿ ಅರ್ಜಿ ಕೊಟ್ಟರು. ಅಮ್ಮ ಹೇಳಿದಲ್ಲಿ ಸಹಿ ಹಾಕಿದರು. ಹಿಂದೆ ಬರುವಾಗ ಬಸ್ಸಿಗಾಗಿ ಹೊಳೆಯ ಬದಿಯ ಅಂಗಡಿಯ ಮುಂದೆ ನಿಂತಿದ್ದೆವು. ಟೀಚರ್ ನನಗೆ ಗೋಳಿಬಜೆ ಕೊಡಿಸಿದ್ದರು. ನಾನು ತಿನ್ನುತ್ತಿದ್ದೇನೆ, ಕೇಳುತ್ತಿಲ್ಲ ಎಂದುಕೊಂಡು ಅಮ್ಮ ತಮ್ಮ ನಿಧಾನದ ಕನ್ನಡದಲ್ಲಿ ಹೇಳಿದರು: "ಟೀಚರ್, ಅದು ಹಾಗೇ ಇರ್ಲಿ. ಬಾಬು ಅಂತ ಬರೆದ್ರೆ ಇವಳು ಇನ್ನು ಜನ್ಮ ಇಡೀ ಆ ಹೆಸರು ಬರಿಬೇಕಲ್ಲ. ಸುಂದರ ಅಂದ್ರೆ ಅರ್ಧ ಆದ್ರೂ ನಾನು ಉಂಟು."

"ತಪ್ಪು ತಪ್ಪs ಅಲ್ಲೇನವಾ, ಸುಂದರವ್ವ" ಎಂದರು ಟೀಚರ್. ಬಸ್ಸು ಹತ್ತಿದ ಮೇಲೆ ಟೀಚರ್ ಕಿಟಕಿಯ ಹೊರಗೆ ನೋಡುತ್ತ, "ತಿದ್ದುವ ಆರ್ಡರ್ ಬರೂತನಾ ನಾ ಹೋಗಂಗಿಲ್ಲ. ನನ್ನ ತಪ್ಪು ಇನ್ನೊಬ್ರ ತಲಿಮ್ಯಾಲ ಹಾಕಿ ಹೋಗಾಕ ನನ್ನಿಂದ ಆಗೂದಿಲ್ಲ" ಎಂದರು.

ಆಗ ನಾನೊಂದು ಕೆಲಸ ಮಾಡಿದೆ. ಇಷ್ಟು ವರ್ಷ ಯಾರಿಗೂ ಹೇಳಿದ್ದಿಲ್ಲ. ದಿನಾ ಬೆಳಗ್ಗೆ ಮಗ್ಗಿ ಹೇಳುವ ಮೊದಲು, ಆ ಕಾಗದ ಬರಬಾರದು ಎಂದು ಕಣ್ಣು ಮುಚ್ಚಿ ಬೇಡಿಕೊಂಡೆ. ಅಂಚೆಯವರು ಶಾಲೆಯ ಕಡೆ ತಿರುಗಿದಾಗಲೆಲ್ಲ ಇನ್ನೊಮ್ಮೆ ಬೇಡಿಕೊಳ್ಳುತ್ತಿದ್ದೆ. ಸಂಕ್ರಾಂತಿ ಬಂತು, ಮರುದಿನ ಬಂತು. ಟ್ರಂಕು ಕಟ್ಟಿದ್ದು ಕಟ್ಟಿದಂತೆಯೇ ಇತ್ತು. ಘಟ್ಟದ ಬಸ್ಸು ಮನೆಯ ಮುಂದೆ ನಿಂತು, ಹಾರ್ನು ಹೊಡೆದು, ಹೋಯಿತು. ಟೀಚರ್ ಜಗಲಿಯಲ್ಲಿ ನಿಂತು ಅದನ್ನು ನೋಡಿ, ಅಜ್ಜಿಗೆ "ಕಾಗದ ಬತ್ತ್‌ಜಿ ರೀ" ಎಂದರು. ಕಾಗದ ಬರಲಿಲ್ಲ ಎಂದು. ಆಮೇಲೆ ನನ್ನ ಕಡೆ ತಿರುಗಿ, "ಏಳು, ಭಿನ್ನರಾಶಿ ಉಳದಾವು" ಎಂದರು. ನಾನು ಕುಣಿಯುತ್ತ ರಸ್ತೆ ದಾಟಿದೆ. ನಾವು ಹದಿನಾಲ್ಕೂ ಮಂದಿ ಆ ವರ್ಷ ಪಾಸಾದೆವು.

ರಜೆಗೆ ಅವರು ಎಂದಿನಂತೆ ಊರಿಗೆ ಹೋಗಿ, ಜೂನಿನಲ್ಲಿ ಬಂದರು. ಶ್ರಾವಣದಲ್ಲಿ ಒಂದು ಮಧ್ಯಾಹ್ನ ತಂತಿ ಬಂತು. ಘಾಟಿಯಲ್ಲಿ ಮಣ್ಣು ಜರಿದು ಬಸ್ಸು ಸುತ್ತಿ ಹೋಗಬೇಕಾಯಿತು. ಟೀಚರ್ ತಲುಪುವಾಗ ತಾಯಿಯ ಮಣ್ಣಾಗಿ ಎರಡು ದಿನವಾಗಿತ್ತು. ಹದಿನೈದು ದಿನದ ಮೇಲೆ ಅವರು ನಾಲ್ಕೂಕಾಲರ ಬಸ್ಸಿನಿಂದ ಇಳಿದಾಗ ನಾನು ರಸ್ತೆಯ ಬದಿಯಲ್ಲಿ ನಿಲ್ಲಲಿಲ್ಲ. ಬಾಗಿಲ ಹಿಂದೆ ಅಡಗಿದ್ದೆ. ನನ್ನ ಅಪ್ಪನ ಹೆಸರಿನಿಂದ, ನನ್ನ ಬೇಡಿಕೆಯಿಂದ, ಆಕೆ ತಾಯಿಯ ಹತ್ತಿರ ಇರಬೇಕಾಗಿದ್ದ ಏಳು ತಿಂಗಳು ಹೋಯಿತು ಎಂದು ನನಗೆ ಆಗಲೇ ಲೆಕ್ಕ ಸಿಕ್ಕಿತ್ತು. ಅವರು ಕೈಕಾಲು ತೊಳೆದು, ಅಮ್ಮ ಕೊಟ್ಟ ನೀರು ಕುಡಿದು, "ಯಶೋದಾ ಎಲ್ಲಿ? ಎಂಟನೇತ್ತದ ಗಣಿತ ಏನು ನಡದೈತಿ?" ಎಂದಷ್ಟೇ ಕೇಳಿದರು. ಆಮೇಲೆ ಅವರು ವರ್ಗಾವಣೆಗೆ ಅರ್ಜಿ ಹಾಕಿದ್ದನ್ನು ನಾನು ನೋಡಲಿಲ್ಲ. ಅವರು ಪಾಠ ಮಾಡುವ ಶಾಲೆಗಳು ಬದಲಾದವು, ಹೊರಕೋಣೆ ಬದಲಾಗಲಿಲ್ಲ. ನನ್ನ ಹೆಸರಿನ ಮುಂದಿನ ಸುಂದರನೂ ಬದಲಾಗಲಿಲ್ಲ. ಹೈಸ್ಕೂಲು, ತರಬೇತಿ, ಸೇವಾ ಪುಸ್ತಕ, ಎಲ್ಲದರಲ್ಲಿಯೂ ಅವನು ನನ್ನ ಹಿಂದೆಯೇ ನಡೆದು ಬಂದ.

ನಾನೂ ಶಿಕ್ಷಕಿಯಾದೆ. ಆಸೆಯಿಂದ ಎನ್ನುವುದಕ್ಕಿಂತ ಋಣದಿಂದ. ಕೊಕ್ಕಡದ ಕಡೆಯ ಒಂದು ಶಾಲೆಯಲ್ಲಿ ಹದಿನೆಂಟು ವರ್ಷ. ಮಕ್ಕಳಿಂದ ನನಗೆ ಬೇಸರವಾದದ್ದು ಕಡಿಮೆ. ಬೇಸರವಾದದ್ದು ಉಳಿದ ಎಲ್ಲದರಿಂದ: ಜನಗಣತಿ, ಮತದಾರರ ಪಟ್ಟಿ, ಅಕ್ಕಿಯ ಚೀಲ, ಮೊಟ್ಟೆ, ಒಂದೇ ಮಾಹಿತಿಯನ್ನು ನಾಲ್ಕು ನಮೂನೆಯಲ್ಲಿ ತುಂಬುವುದು, ತರಬೇತಿಗೆ ಹೋಗಿ ಬರುವಷ್ಟರಲ್ಲಿ ಮಕ್ಕಳು ಕಲಿತದ್ದನ್ನು ಮರೆತಿರುವುದು. ಒಂದು ವರ್ಷ ದಣಿವು ಮೂಳೆಗೆ ಇಳಿಯಿತು. ಮೂಡುಬಿದಿರೆಯ ಒಂದು ಖಾಸಗಿ ಹಾಸ್ಟೆಲಿನಲ್ಲಿ ವಾರ್ಡನ್ ಕೆಲಸ ಸಿಗುವಂತಿತ್ತು. ರಾಜೀನಾಮೆ ಬರೆದು, ಚೀಲದಲ್ಲಿಟ್ಟುಕೊಂಡು, ಒಂದು ಭಾನುವಾರ ಮನೆಗೆ ಬಂದೆ. ಅಜ್ಜಿ ಆಗ ಇರಲಿಲ್ಲ. ಅಮ್ಮನ ಬೆರಳುಗಳು ಸೆಟೆದು ಬೀಡಿ ನಿಂತಿತ್ತು. ಟೀಚರ್ ಜಗಲಿಯಲ್ಲಿ ಕುಳಿತು ಯಾರದೋ ನೋಟುಪುಸ್ತಕ ತಿದ್ದುತ್ತಿದ್ದರು. ಕಾಗದವನ್ನು ಓದಿ, ಒಂದು ಕಡೆ ಒತ್ತಕ್ಷರ ತಪ್ಪಿದ್ದನ್ನು ಕೆಂಪು ಪೆನ್ನಿನಲ್ಲಿ ತಿದ್ದಿ ನನ್ನ ಕೈಗೆ ಕೊಟ್ಟರು.

"ನಾಳೆ ಯಾವ ಪಾಠ ಐತಿ?"

"ಐದನೆಯವರಿಗೆ ದಶಮಾಂಶ. ಶುರು ಮಾಡಿದ್ದೇನೆ, ಮುಗಿಯಲಿಲ್ಲ."

"ಅದನ್ನ ಮುಗಸಿ ಕೊಡು ಇದನ್ನ. ಅರ್ಧಕ್ಕ ಬಿಟ್ರ ಬಿಂದು ಎಲ್ಲಿ ಇಡ್ಬೇಕಂತ ಗೊತ್ತಾಗ್ದs ಉಳೀತಾವ ಕೂಸುಗಳು."

"ನೀವು ಯಾಕೆ ಬಿಡಲಿಲ್ಲ ಟೀಚರ್?" ಎಂದು ಕೇಳಿದೆ. ನಿಜವಾಗಿ ಕೇಳಬೇಕಾಗಿದ್ದದ್ದು ಬೇರೆ. ನನ್ನಿಂದಾಗಿ ನೀವು ಉಳಿದಿರಾ, ನನ್ನ ಮೇಲೆ ಸಿಟ್ಟು ಉಂಟಾ ಎಂದು. ಟೀಚರ್ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ, "ನನಗ ಹೊಂಟು ನಿಂತಾಗ ಒಂದು ಕಾಗದ ಬರ್ಲಿಲ್ಲಲ್ಲವಾ" ಎಂದು ನಕ್ಕರು. ಆ ನಗುವನ್ನು ನಾನು ಕ್ಷಮೆ ಎಂದುಕೊಂಡೆ, ಮತ್ತು ಇನ್ನಷ್ಟು ಕುಗ್ಗಿದೆ. ದಶಮಾಂಶ ಮುಗಿಯಿತು. ಅದರ ನಂತರ ಶೇಕಡಾ ಇತ್ತು. ಶೇಕಡಾ ಅರ್ಧದಲ್ಲಿರುವಾಗ ಯಾರಿಗಾದರೂ ಬಿಡಲಿಕ್ಕೆ ಆಗುತ್ತದೆಯೇ? ಹಾಗೆ ಇನ್ನೂ ಹತ್ತೊಂಬತ್ತು ವರ್ಷ ಹೋಯಿತು.

ನಿವೃತ್ತರಾದ ಮೇಲೆ ಟೀಚರ್ ಅಣ್ಣನ ಮಕ್ಕಳಿದ್ದ ಊರಿಗೆ ಹೋದರು. ಬೀಗದ ಕೈಯನ್ನು ಅಮ್ಮನ ಕೈಯಲ್ಲಿಟ್ಟು "ಬರ್ಪೆ ರೀ" ಎಂದರು, ಬರುತ್ತೇನೆ ಎಂದು. ಆ ಜೂನಿನಲ್ಲಿ ಬರಲಿಲ್ಲ. ಮುಂದೆ ಕಾರ್ಡುಗಳು ಬರುತ್ತಿದ್ದವು, ಆಮೇಲೆ ಅವೂ ನಿಂತವು. ಅವರು ತೀರಿಕೊಂಡದ್ದು ನಮಗೆ ತಿಳಿದಾಗ ತಿಂಗಳು ಕಳೆದಿತ್ತು. ಅಮ್ಮ ಎರಡು ವರ್ಷ ಹೆಚ್ಚು ಬದುಕಿದರು. ಮನೆ ಇನ್ನೂ ನಾಲ್ಕು ವರ್ಷ.

ಮೊನ್ನೆ ಪ್ರಮೀಳಾ ಆ ಪುಸ್ತಕವನ್ನು ಕೆಳಗಿಳಿಸಿ ಧೂಳು ಕೊಡವಿದಾಗ ಖಾಕಿ ಹೊದಿಕೆ ಹರಿದು ಸಡಿಲವಾಯಿತು. ಹುಳ ತಿಂದ ಗೋಂದು. ಹೊದಿಕೆಗೂ ರಟ್ಟಿಗೂ ನಡುವೆ ಒಂದು ಮಡಚಿದ ಕಾಗದ ಇತ್ತು. ತಂದೆಯ ಹೆಸರನ್ನು ಬಾಬು ಎಂದು ತಿದ್ದಲು ಅನುಮತಿ ನೀಡಿದೆ ಎಂಬ ಎರಡು ಸಾಲು, ಕಚೇರಿಯ ಮೊಹರು. ಯಾವ ಕಾಗದ ಬಂದರೂ ತಲುಪಿದ ದಿನವನ್ನು ಬಲಗಡೆಯ ಮೂಲೆಯಲ್ಲಿ ಬರೆಯುವುದು ಕಸ್ತೂರಿ ಟೀಚರ ನಿಯಮ. ನನಗೂ ಅದನ್ನೇ ಕಲಿಸಿದ್ದರು. ಮೂಲೆಯಲ್ಲಿ ಅವರ ದುಂಡಗಿನ ಅಕ್ಷರದಲ್ಲಿ ತಾರೀಕು ಇತ್ತು. ಅವರು ಬಸ್ಸು ಹತ್ತಬೇಕಾಗಿದ್ದ ದಿನಕ್ಕಿಂತ ನಾಲ್ಕು ದಿನ ಮೊದಲಿನದು.

ನಾನು ಮೂರು ಸಲ ಓದಿದೆ. ಕಾಗದ ಬಂದಿತ್ತು. ಟ್ರಂಕು ಕಟ್ಟಿತ್ತು, ಬಸ್ಸು ಬಂದು ಹಾರ್ನು ಹೊಡೆದಿತ್ತು, ಕಾಗದ ಬರಲಿಲ್ಲ ಎಂದು ಆಕೆ ತುಳುವಿನಲ್ಲಿ ಒಂದು ಸುಳ್ಳು ಹೇಳಿದ್ದರು. ಕಾಯುತ್ತಿದ್ದ ಅಣ್ಣನಿಗೆ, ಹಾಸಿಗೆ ಹಿಡಿದ ತಾಯಿಗೆ, ಹದಿನಾಲ್ಕು ಮಕ್ಕಳ ಭಿನ್ನರಾಶಿ ಉಳಿದಿದೆ ಎಂದು ಬರೆದರೆ ಯಾರು ಒಪ್ಪುತ್ತಿದ್ದರು? ಕಚೇರಿಯ ಕಾಗದ ಬರಲಿಲ್ಲ ಎಂದರೆ ಎಲ್ಲರೂ ಒಪ್ಪುತ್ತಾರೆ. ಅಥವಾ ಹೊಳೆಯ ಬದಿಯಲ್ಲಿ ಅಮ್ಮ ಹೇಳಿದ ಮಾತು ಇತ್ತೋ, ಗೊತ್ತಿಲ್ಲ. ತಿದ್ದಿದ್ದರೆ ಕಾಗದ ಬಂದದ್ದು ತಿಳಿಯುತ್ತಿತ್ತು, ಅದಕ್ಕಾಗಿ ತಿದ್ದಲಿಲ್ಲವೋ? ಹರಿದು ಒಲೆಗೆ ಹಾಕಬಹುದಿತ್ತು. ಆದರೆ ಕಚೇರಿಯ ಕಾಗದವನ್ನು ಹರಿಯುವ ಕೈ ಅವರದ್ದಲ್ಲ. ಐವತ್ತು ವರ್ಷಕ್ಕೂ ಹೆಚ್ಚು ನಾನು ಹೊತ್ತು ತಿರುಗಿದ ಭಾರ ನನ್ನದಾಗಿರಲೇ ಇಲ್ಲ. ಅದು ಇಳಿದಾಗ ಹಗುರವಾಗಬೇಕಿತ್ತು. ಆಗಲಿಲ್ಲ. ಆ ಏಳು ತಿಂಗಳ ಬೆಲೆ ಗೊತ್ತಿದ್ದೂ ಅವರೇ ಅದನ್ನು ತೆತ್ತಿದ್ದರು, ನನಗೆ ಗೊತ್ತಾಗದಂತೆ. ಈಗ ಕೇಳಲು ಯಾರೂ ಇಲ್ಲ, ಹೇಳಲು ಕೂಡ.

"ಟೀಚರ್, ಇದು ಯಾರು ಸುಂದರ?" ಎಂದು ಪ್ರಮೀಳಾ ನನ್ನ ಹೆಸರಿನ ಸಾಲಿನ ಮೇಲೆ ಬೆರಳಿಟ್ಟಳು. "ತಿದ್ದಲಿಕ್ಕೆ ಆರ್ಡರ್ ಉಂಟಲ್ಲ, ಸರಿ ಮಾಡುವ?"

"ಬೇಡ. ಅದು ನನ್ನ ಅಮ್ಮ" ಎಂದೆ.

ಅವಳು ಸಾಲಿನ ಮೇಲಿನ ಬೆರಳನ್ನು ತೆಗೆದಳು. ಕಾಗದವನ್ನು ಮೊದಲಿನಂತೆ ಮಡಚಿ ಹೊದಿಕೆಯೊಳಗೆ ಇಟ್ಟೆ. ಪಟ್ಟಿಯಲ್ಲಿ, ದಾಖಲಾತಿ ಪುಸ್ತಕ, ಒಂದು, ಹೊದಿಕೆ ಹರಿದಿದೆ ಎಂದು ಬರೆದೆ. ಎಲ್ಲ ಕಟ್ಟಿ ಮುಗಿಯುವಾಗ ನಾಲ್ಕು ಗಂಟೆ. ಮಕ್ಕಳು ಹೋಗಿಯಾಗಿತ್ತು. ನಾಳೆಯಿಂದ ಪ್ರಮೀಳಾಳಿಗೆ ಕೆಲಸ ಇಲ್ಲ. ಬಿ.ಸಿ. ರೋಡಿನ ಒಂದು ಬಟ್ಟೆ ಅಂಗಡಿಯಲ್ಲಿ ಕೇಳಿಟ್ಟಿದ್ದಾಳಂತೆ. ಕಿಟಕಿ ಮುಚ್ಚುತ್ತ, ನನ್ನ ಕಡೆ ನೋಡದೆ ಹೇಳಿದಳು: "ಮೂರನೆಯವರಿಗೆ ಭಾಗಾಕಾರ ಅರ್ಧ ಆದದ್ದು ಟೀಚರ್. ಶೇಷ ಬರುವ ಲೆಕ್ಕ ಉಂಟಲ್ಲ, ಅದೇ ಉಳಿದದ್ದು. ಹೊಸ ಶಾಲೆಗೆ ನಾಲ್ಕು ದಿನ ಹೋಗಿ ಮುಗಿಸಿ ಬರ್ಲಾ? ಯಾರಾದ್ರೂ ಬೈತಾರಾ?"

ನಾನು ಏನು ಹೇಳಬೇಕಿತ್ತು? ಬೇಡ, ಆ ನಾಲ್ಕು ದಿನ ಮೂವತ್ತೇಳು ವರ್ಷವಾಗುತ್ತದೆ ಎನ್ನಬೇಕಿತ್ತೋ ಏನೋ. "ಯಾರೂ ಬೈಯುವುದಿಲ್ಲ. ಹೋಗು" ಎಂದೆ. ಅವಳು ಬಾಗಿಲಿಗೆ ಬೀಗ ಹಾಕಿ ಎರಡು ಸಲ ಎಳೆದು ನೋಡಿದಳು.

ನಾವು ರಸ್ತೆಯ ಬದಿಗೆ ಬಂದು ನಿಂತೆವು. ಕೈಯಲ್ಲಿ ಇನ್ನೂ ಹೊಗೆಸೊಪ್ಪಿನ ವಾಸನೆ ಇತ್ತು. ನಾಲ್ಕೂಕಾಲಕ್ಕೆ ಚಾರ್ಮಾಡಿಯ ಕಡೆಯಿಂದ ಘಟ್ಟದ ಬಸ್ಸು ಬಂತು. ನಾನು ಒಂದು ಹೆಜ್ಜೆ ಮುಂದಿಟ್ಟು, ಯಾರು ಇಳಿಯುತ್ತಾರೆಂದು ಬಾಗಿಲಿನ ಕಡೆ ಕತ್ತು ಚಾಚಿದೆ. "ಟೀಚರ್, ಅದಕ್ಕೆ ಇಲ್ಲಿ ಸ್ಟಾಪ್ ಇಲ್ಲ ಈಗ" ಎಂದು ಪ್ರಮೀಳಾ ನನ್ನ ತೋಳು ಹಿಡಿದು ಹಿಂದಕ್ಕೆ ಎಳೆದಳು. ನಮ್ಮ ಜಗಲಿ ಇದ್ದ ಜಾಗದ ಮೇಲೆ ಹಾದು ಬಸ್ಸು ನಿಲ್ಲದೆ ಹೋಯಿತು.